ಐದನೆಯ ಕುರ್ಚಿ

ಬೆಳಿಗ್ಗೆ ಕಿಟಕಿ ತೆರೆದೆ, ವಾಸನೆ ಒಳಗೆ ಬಂತು. ನಮ್ಮ ಈ ಸಣ್ಣ ಪಟ್ಟಣದಲ್ಲಿ ಅಕ್ಟೋಬರ್ ಬಂತೆಂದು ಸಕ್ಕರೆ ಕಾರ್ಖಾನೆಯೇ ಸಾರಿಬಿಡುತ್ತದೆ. ಸುತ್ತಲಿನ ಹೊಲಗಳಲ್ಲಿ ಕಿತ್ತ ಬೀಟ್ ಗೆಡ್ಡೆಗಳನ್ನು ಅಲ್ಲಿ ಬೇಯಿಸುತ್ತಾರೆ. ಮೊದಲು ಬೆಲ್ಲ ಕಾಯಿಸಿದ ಹಾಗೆ ಇರುತ್ತದೆ. ನೀವು ಆಸೆಯಿಂದ ಇನ್ನೊಮ್ಮೆ ಉಸಿರೆಳೆದಿರೋ, ಕೊಳೆತ ಎಲೆಯ ನಾತ. ನನಗಂತೂ ಈ ವಾಸನೆ ಬಂದರೆ ಒಂದು ಕುರ್ಚಿ ನೆನಪಾಗುತ್ತದೆ.

ಕುರ್ಚಿಯ ಕಥೆಗೆ ಮುಂಚೆ ಊರು ಎಂಥದೆಂದು ಹೇಳಬೇಕು. ವೋಲ್ಫ್ಸ್‌ಬುರ್ಗ್‌ನಲ್ಲಿ, ಅಂದರೆ ಹೆಂಡತಿಯ ಆಫೀಸಿರುವ ನಗರದಲ್ಲಿ, ಮನೆ ಸಿಗದೆ, ಬಾಡಿಗೆ ಕಡಿಮೆಯೆಂದು ಇಲ್ಲಿಗೆ ಬಂದವರು ನಾವು. ನೆಲ ದೋಸೆಕಲ್ಲಿನಷ್ಟು ಸಪಾಟು. ಏರಿಲ್ಲ, ಇಳುಕಲಿಲ್ಲ. ನಾಳೆ ಬರುವ ನೆಂಟರು ಇವತ್ತೇ ಕಾಣಿಸಿಯಾರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಳೆಗಾಲವೆಲ್ಲ ವ್ಯಾನು ಇಳಿಸಿದ ನನಗೆ ಇಲ್ಲಿ ಸ್ಟಿಯರಿಂಗ್ ತಿರುಗಿಸಲು ಒಂದು ನೆಪವೂ ಇಲ್ಲ.

ಹೌದು, ನಾನು ಡ್ರೈವರ್. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಬಸ್ಸಿನಲ್ಲಿ ಕ್ಲೀನರ್ ಆದೆ; ಮುಂದೆ ಉಡುಪಿಯಲ್ಲಿ ಸ್ವಂತ ಟೂರಿಸ್ಟ್ ವ್ಯಾನು ಮಾಡಿಕೊಂಡೆ. ಇಲ್ಲಿ ಕೆಲಸ ಮಾಡಲು ಕೊಡುವ ಬ್ಲೂ ಕಾರ್ಡ್ ನನ್ನ ಹೆಂಡತಿ ಶುಭಲತಾಳದು. ಅವಳು ಕಾರು ಕಂಪೆನಿಯಲ್ಲಿ ಇಂಜಿನಿಯರ್. ನಾನು ಅವಳ ಹಿಂದೆ ಬಂದು ಇಲ್ಲಿ ಲಾಗರಿನಲ್ಲಿ, ಅಂದರೆ ಗೋದಾಮಿನಲ್ಲಿ, ಪೆಟ್ಟಿಗೆ ಎತ್ತುತ್ತೇನೆ. ನಮ್ಮ ದೇಶದ ಲೈಸೆನ್ಸ್ ಇಲ್ಲಿ ಬಹಳ ದಿನ ನಡೆಯುವುದಿಲ್ಲ. ಮೀಸೆ ಹಣ್ಣಾದ ಮೇಲೆ ಮತ್ತೆ ಡ್ರೈವಿಂಗ್ ಶಾಲೆ ಸೇರಿದೆ. ನನಗೆ ಮಗನಾಗಬಹುದಾದ ವಯಸ್ಸಿನವನೊಬ್ಬ ನನಗೆ ರಿವರ್ಸ್ ತೆಗೆಯುವುದನ್ನು ಕಲಿಸಿದ. ಕಲಿತವನ ಹಾಗೆ ನಟಿಸಿ ಪಾಸಾದೆ.

ನಮ್ಮ ಕಡೆ ಟೂರ್ ಡ್ರೈವರಿಗೆ ಒಂದು ರಿವಾಜು ಉಂಟು. ಪಾರ್ಟಿಯವರು, ಗಾಡಿ ಬಾಡಿಗೆಗೆ ಹಿಡಿದವರು, ಊಟಕ್ಕೆ ಇಳಿದರೆ ಅವನು ಅವರ ಮೇಜಿಗೆ ಹೋಗಬಾರದು. ಗಾಡಿ ನೆರಳಿಗೆ ಹಾಕಿ, ಹಳದಿ ಬಟ್ಟೆಯಲ್ಲಿ ಗಾಜು ಒರೆಸಿ, ಆಮೇಲೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಬೇರೆ ಡ್ರೈವರುಗಳ ಜೊತೆ ಉಣ್ಣಬೇಕು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಹಿಂದಿನ ಕೋಣೆಯ ಸಾರು ಎಷ್ಟೋ ಸಲ ಮುಂದಿನದಕ್ಕಿಂತ ಬಿಸಿ ಇರುತ್ತಿತ್ತು.

ಒಮ್ಮೆ ಕೊಲ್ಲೂರಿಗೆ ಒಂದು ಕುಟುಂಬವನ್ನು ಕರೆದುಕೊಂಡು ಹೋಗಿದ್ದೆ. ಆ ಮನೆಯ ಹುಡುಗಿ, ಆಗಿನ್ನೂ ಇಂಜಿನಿಯರಿಂಗ್ ಓದುತ್ತಿದ್ದವಳು, ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. “ಇಲ್ಲಿ ಎಂತಕ್ಕೆ ಕೂತದ್ದು ನೀವು? ನಮ್ಮೊಟ್ಟಿಗೆ ಬನ್ನಿ ಮಾರಾಯ್ರೆ, ಜಾಗ ಉಂಟು!” ಎಂದಳು. ಅವಳಪ್ಪನ ಮುಖ ಹುಳಿಯಾಯಿತು. ನಾನು ಹೋಗಿ ಕೂತೆ. ಅವಳೇ ಶುಭಲತಾ. ಆಮೇಲಿನ ಗಲಾಟೆ, ರಿಜಿಸ್ಟರ್ ಮದುವೆ, ಎಲ್ಲ ಆ ಒಂದು ಕುರ್ಚಿಯಿಂದ ಹುಟ್ಟಿದ್ದು.

ನಾವು ಇಲ್ಲಿಗೆ ಬಂದ ಎರಡನೆಯ ವರ್ಷ, ಇಂಥದೇ ಅಕ್ಟೋಬರಿನಲ್ಲಿ, ಅವಳ ಆಫೀಸಿನ ಮೂವರು ನಮ್ಮ ಊರು ನೋಡಲು ಬಂದರು: ಬೆಂಗಳೂರಿನ ಕಿರಣ್, ಅವನ ಹೆಂಡತಿ ಮೇಘನಾ, ಮೈಸೂರಿನ ರಘು. ನನಗೆ ಹುರುಪು. ಮೊದಲೇ ಸೈಕಲ್ಲಿನಲ್ಲಿ ಸುತ್ತಿ ಜಾಗಗಳನ್ನು ಗೊತ್ತು ಮಾಡಿಟ್ಟಿದ್ದೆ. ಶುಭಲತಾ ಬಾಗಿಲಲ್ಲೇ ಪರಿಚಯ ಮಾಡಿಸಿದಳು, “ಇವ್ರು ಊರಲ್ಲಿ ಟೂರಿಸಮ್ ಮ್ಯಾನೇಜ್‌ಮೆಂಟಲ್ಲಿ ಇದ್ದದ್ದು.” ಅಷ್ಟು ದೊಡ್ಡ ಹುದ್ದೆ ನನಗೆ ಯಾವಾಗ ಸಿಕ್ಕಿತೋ! ಸುಮ್ಮನೆ ಕೀ ತೆಗೆದುಕೊಂಡೆ.

ಹಳೆಯ ಗಾಳಿಗಿರಣಿ ತೋರಿಸಿದೆ. ಇಟ್ಟಿಗೆ ಚರ್ಚಿನ ಮೇಲೆ ಕೊಕ್ಕರೆ ಗೂಡು ತೋರಿಸಿದೆ. ಕೊಕ್ಕರೆಗಳು ಆಗಲೇ ಆಫ್ರಿಕಕ್ಕೆ ಹೋಗಿಯಾಗಿತ್ತು. ಹೊಲದಂಚಿನಲ್ಲಿ ಮನೆಯೆತ್ತರ ಸುರಿದ ಬೀಟ್ ರಾಶಿ ತೋರಿಸಿದೆ.

“ಮಗಾ, ಇಲ್ಲಿ ನೋಡೋಕೆ ಏನಿದೆ? ಬರೀ ಆಕಾಶ,” ಎಂದ ಕಿರಣ್.

“ಆಕಾಶ ಫ್ರೀ ಅಲ್ವಾ ಗುರು, ನೋಡ್ಕೋ,” ಎಂದ ರಘು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾಫಿಗೆ ಒಂದು ರೈತರ ಮನೆಯ ಅಂಗಳದ ಹೋಟೆಲಿಗೆ ಹೋದೆವು. ಬಿಸಿಲಿತ್ತು, ಮೇಜುಗಳನ್ನು ಹೊರಗೇ ಹಾಕಿದ್ದರು. ಅವರು ಇಳಿದರು. ನಾನು ಕಾರನ್ನು ಮರದಡಿ ನಿಲ್ಲಿಸಿದೆ. ಆಮೇಲೆ ನನ್ನ ಕೈ ತಾನಾಗಿ ಬಾಗಿಲ ಸಂದಿಯಿಂದ ಹಳದಿ ಬಟ್ಟೆ ಎಳೆಯಿತು. ಗಾಜು ಒರೆಸುತ್ತ ನಿಂತುಬಿಟ್ಟೆ. ಎಂಥ ಪೆದ್ದುತನ ನೋಡಿ! ಪಾರ್ಟಿ ಇಲ್ಲ, ಬಾಡಿಗೆ ಇಲ್ಲ, ಕಾರು ನನ್ನದೇ. ಆದರೂ ಯಾರಾದರೂ ಕರೆಯಲಿ ಎಂದು ಕಾಯುತ್ತಿದ್ದೆ. ಯಾರಾದರೂ ಎಂದೆನೆ? ಅವಳು.

ಅವರ ಮೇಜಿಗೆ ಐದು ಕುರ್ಚಿ. ಪಕ್ಕದ ಮೇಜಿನ ಮುದುಕನೊಬ್ಬ ಬಂದು ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಇದನ್ನು ತೆಗೆದುಕೊಳ್ಳಲೇ ಎಂದು ಕೇಳಿದ. ಶುಭಲತಾ ನನ್ನ ಕಡೆ ನೋಡಿದಳು. ನಾನು ಬಟ್ಟೆ ಹಿಡಿದು ನಿಂತಿದ್ದೆ. ಅವಳು ಅವನ ಕಡೆ ತಿರುಗಿ ನಕ್ಕಳು. “ಯಾ, ಬಿಟ್ಟೆ,” ಎಂದಳು. ಇಲ್ಲಿಯವರ ಮಾತಿನಲ್ಲಿ, ಹೌದು, ತೆಗೆದುಕೊಳ್ಳಿ ಎಂದು. ಮುದುಕ ಕುರ್ಚಿ ಹೊತ್ತುಕೊಂಡು ಹೋದ.

ಹೊರಡುವಾಗ ಮೇಘನಾ ಕಾಗದದಲ್ಲಿ ಸುತ್ತಿದ ಕೇಕ್ ನನ್ನ ಕೈಗೆ ಕೊಟ್ಟಳು. “ಅಣ್ಣಾ, ನಿಮಗೆ ಪಾರ್ಸಲ್ ಮಾಡಿಸ್ದೆ.” ಒಳ್ಳೆಯ ಹೆಂಗಸು, ಅವಳ ತಪ್ಪಲ್ಲ. ಕೇಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ರಾತ್ರಿ ಶುಭಲತಾ, “ನೀವು ಎಂತಕ್ಕೆ ಬರ್ಲಿಲ್ಲ?” ಎಂದು ಕೇಳಿದಳು. “ಹಸಿವಿರಲಿಲ್ಲ,” ಎಂದೆ. ಅವಳಿಗೆ ಅಷ್ಟು ಸಾಕಾಯಿತು. ಆಮೇಲೆ ವರ್ಷಗಳೇ ಹೋದವು, ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇವತ್ತು ಕಿಟಕಿಯ ಬಳಿ ನಿಂತಿದ್ದಾಗ ಅವಳು ಅಡುಗೆಮನೆಯಿಂದ ಕೂಗಿದಳು, “ಕೇಳಿತಾ? ಭಾನುವಾರ ಆಫೀಸಿನ ಹೊಸಬ್ರು ಬರ್ತಾರೆ. ಗಾಳಿಗಿರಣಿ ಎಲ್ಲ ತೋರ್ಸ್ತೀರಲ್ಲ?”

“ಹೋಗುವ. ಕಾಫಿ ಕುಡಿವಲ್ಲಿ ನಾನು ಮೊದಲೇ ಇಳಿತೇನೆ. ಕಾರು ನೀನು ಪಾರ್ಕ್ ಮಾಡಿ ಬಾ.”

“ಅದೆಂತಕ್ಕೆ?” ಅವಳು ನಕ್ಕಳು.

“ಯಾರಾದ್ರೂ ಕುರ್ಚಿ ಕೇಳಿದ್ರೆ, ಇಲ್ಲ, ಜನ ಉಂಟು ಅಂತ ಹೇಳ್ಲಿಕ್ಕೆ.”

ಒಳಗೆ ನಲ್ಲಿಯ ನೀರು ನಿಂತಿತು. ನಾನು ಕಿಟಕಿ ಮುಚ್ಚಲಿಲ್ಲ.