ಮೂರು ಮನೆ ಅಡ್ಡ, ಒಂದು ಮನೆ ಮೇಲೆ

ಇವತ್ತು ಕೊಳ್ಳೇಗಾಲದ ಅಂಗಡಿಯಲ್ಲಿ ಚೌಕಳಿ ಬಟ್ಟೆಯ ಥಾನು ಬಿಚ್ಚಿದರು. ಹೊಸ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಾಂಬಳ್ಳಿಯ ನಮ್ಮ ಜಗಲಿಗೆ ಹೋಗಿಬಿಟ್ಟೆ.

ಅವ್ವ ಅಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಸೆರಗಿನ ತುದಿಯಲ್ಲಿ ಸದಾ ಸೀಮೆಸುಣ್ಣದ ಚೂರೊಂದನ್ನು ಗಂಟು ಹಾಕಿರುತ್ತಿದ್ದಳು. ಒಮ್ಮೆ ನಮ್ಮ ಲೆಕ್ಕದ ಮೇಷ್ಟ್ರು ಕುರ್ಚಿಯ ದಿಂಬಿಗೆ ಕವರ್ ಹೊಲಿಸಲು ಚೌಕಳಿ ಬಟ್ಟೆ ತಂದರು. ಗೆರೆಗಳು ಓರೆಯಾಗಿ ಕಾಣಬೇಕಂತೆ. ಇದ್ದದ್ದು ಒಂದೇ ತುಂಡು, ಕತ್ತರಿ ತಪ್ಪಿದರೆ ಹಾಳು.

ಬಟ್ಟೆಯ ಒಂದೊಂದು ಚೌಕವೂ ಅವ್ವನಿಗೆ ಒಂದು ಮನೆ. ಒಂದು ಚೌಕದ ಮೂಲೆಯಿಂದ ಮೂರು ಮನೆ ಅಡ್ಡ, ಒಂದು ಮನೆ ಮೇಲೆ ಎಣಿಸಿ ಗೆರೆ ಎಳೆದಳು. ಅದೇ ಮೂಲೆಯಿಂದ ಒಂದು ಮನೆ ಹಿಂದೆ, ಮೂರು ಮನೆ ಮೇಲೆ ಎಣಿಸಿ ಇನ್ನೊಂದು ಎಳೆದಳು.

"ಮೂಲೆಮಟ್ಟ ಇಡ್ದೆ ಸೊಟ್ಟ ಆಗಕಿಲ್ವೇನಮ್ಮ?" ಎಂದರು ಮೇಷ್ಟ್ರು.

"ಮನೆ ಎಣ್ಸಿ ನೋಡಿ ಸಾ. ಅಲ್ಲಿ ಅಡ್ಡಕ್ಕೋದಷ್ಟು ಇಲ್ಲಿ ಮೇಲಕ್ಕೋಗಿವ್ನಿ, ಅಲ್ಲಿ ಅತ್ತಿದಷ್ಟು ಇಲ್ಲಿ ಇಂದಕ್ಕೆ ಬಂದಿವ್ನಿ. ಮೂಲೆ ಎಂಗ್ ತಪ್ಪದು?"

ಮೇಷ್ಟ್ರು ಪುಸ್ತಕದ ಮೂಲೆ ಇಟ್ಟು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮರುದಿನ ಬೋರ್ಡಿನ ಮೇಲೆ ಅವೇ ಎರಡು ಗೆರೆ ಬಂದವು. ಮೇಲೆ ಹೋದದ್ದನ್ನು ಅಡ್ಡ ಹೋದದ್ದರಿಂದ ಭಾಗಿಸಿದರೆ ಇಳಿಜಾರು. ಒಂದರದು ಮೂರನೇ ಒಂದು, ಇನ್ನೊಂದು ಹಿಂದಕ್ಕೆ ಹೋದದ್ದರಿಂದ ಅದರದು ಮೈನಸ್ ಮೂರು.

"ಗುಣಿಸಿದ್ರೆ ಮೈನಸ್ ಒಂದು ಬಂತಲ್ಲ, ಅದಕ್ಕೇ ಎರಡೂ ಒಂದಕ್ಕೊಂದು ಲಂಬ. ನಾನಿದನ್ನ ಕಾಲೇಜಲ್ಲಿ ಕಲ್ತೆ. ಇವಳ ಅವ್ವ ಬಟ್ಟೆ ಮೇಲೆ ಕಲ್ತವ್ರೆ," ಎಂದು ಮೇಷ್ಟ್ರು ನನ್ನತ್ತ ಕೈ ತೋರಿದರು. ಇಡೀ ತರಗತಿ ತಿರುಗಿ ನೋಡಿತು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

"ಏನೆಣಿಸ್ತಿದ್ದೀರಿ ಮೇಡಂ?" ಅಂಗಡಿಯವರು ಕೇಳಿದಾಗಲೇ ಗೊತ್ತಾದದ್ದು, ನನ್ನ ಬೆರಳು ಬಟ್ಟೆಯ ಮನೆಗಳ ಮೇಲೆ ನಡೆಯುತ್ತಿತ್ತು.

"ನಮ್ಮವ್ವನ ಲೆಕ್ಕ ಕಣ್ರಿ," ಅಂದೆ.