ಎಲೆ ಮಡಚಿಟ್ಟು ಎದ್ದೆ

ಜುಹೂ ಬೀಚಿನ ಭೇಲ್‌ಪುರಿ ಅಂಗಡಿಯಲ್ಲಿ ಈಗ ಪ್ಲಾಸ್ಟಿಕ್ ತಟ್ಟೆಯಿಲ್ಲ, ಮುತ್ತುಗದ ಎಲೆ. ನನಗೆ ವಿಮಾನಕ್ಕೆ ಹೊತ್ತಾಗಿತ್ತು. ರಸ್ತೆಯಲ್ಲಿ ಆಟೋದವನು ಹಾರ್ನ್ ಒತ್ತುತ್ತಲೇ ಇದ್ದ. ಗಬಗಬನೆ ತಿಂದು, ಎಲೆಯನ್ನು ಬೆಂಚಿನ ಮೇಲೆ ಮಡಚಿಟ್ಟು ಎದ್ದೆ.

"ಅಣ್ಣಾರ, ಎಲಿ ಎತ್ರಿ," ಎಂದಳು ಅಂಗಡಿಯಾಕೆ.

ನಾನು ಆಕೆಯೊಡನೆ ಮಾತಾಡಿದ್ದೆಲ್ಲ ಹಿಂದಿಯಲ್ಲಿ. ಕನ್ನಡದವನೆಂದು ಹೇಗೆ ಗೊತ್ತಾಯಿತೆಂದು ಕೇಳಿದೆ.

"ಮಡಚಿಟ್ರಲ್ಲ, ಗೊತ್ತಾತು. ಪ್ಲಾಸ್ಟಿಕ್ ಇದ್ದಾಗ ಎಲ್ಲಾರೂ ಡಬ್ಬಿಗೆ ಒಗೀತಿದ್ರು. ಎಲಿ ಬಂದಮ್ಯಾಲ ನಮ್ಮ ಮಂದಿ ಮದುವಿ ಊಟಕ್ಕ ಬಂದಂಗ ಬಿಟ್ಟು ಏಳ್ತಾರ. ಕಸ ಕಂಡ್ರ ಮುನ್ಸಿಪಾಲ್ಟಿ ಸಾಹೇಬ್ರು ಸುಮ್ನಿರೂದಿಲ್ಲ. ನೀವು ಎಲಿ ಎತ್ತಲಿಲ್ಲಂದ್ರ ಅವ್ರು ನನ್ನ ಅಂಗಡಿ ಎತ್ತಸ್ತಾರ್ರಿ."

ತಿರುಗಿ ನೋಡಿದರೆ ಬೆಂಚು ಖಾಲಿ. ಕಡಲ ಗಾಳಿಗೆ ಎಲೆ ಬಿಚ್ಚಿಕೊಂಡು ಮರಳಿನ ಮೇಲೆ ಓಡುತ್ತಿತ್ತು. ಬೂಟಿನೊಳಗೆ ಮರಳು ತುಂಬಿಸಿಕೊಂಡು ನಾನೂ ಓಡಿದೆ. ಅತ್ತ ಹಾರ್ನ್ ನಿಲ್ಲುತ್ತಿಲ್ಲ. ಅಂತೂ ನೀರಂಚಿನಲ್ಲಿ ಹಿಡಿದು, ಏದುಸಿರು ಬಿಡುತ್ತ ತಂದುಕೊಟ್ಟೆ.

ಆಕೆ ಅದನ್ನು ತಿರುಗಿಸಿ ನೋಡಿದಳು.

"ಇದು ನಿಮ್ದಲ್ರಿ. ಇದಕ್ಕ ಪಾವ್‌ಭಾಜಿ ಹತ್ತೈತಿ. ನಿಮ್ದು ಅಲ್ಲಿ ಹೊಂಟೈತಿ ನೋಡ್ರಿ."