ಹಂದಿಜ್ವರದ ವರ್ಷದ ಬಾಣಂತನ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಸಿಂದಗಿ ತಾಲೂಕಿನ ಸುದ್ದಿ ಬರೆಯುತ್ತಿದ್ದೆ. ಯಂಕಂಚಿಯಲ್ಲಿ ಹಂದಿಗಳು ಸಾಯುತ್ತಿವೆ ಎಂದು ತಿಳಿದು ಪಶುವೈದ್ಯರ ಜೀಪಿನಲ್ಲಿ ಹೋದೆ. ಇದು ಹಂದಿಜ್ವರ, ವೈರಸ್ಸಿನಿಂದ ಬರುವಂಥದ್ದು, ಬಂದ ಮೇಲೆ ಔಷಧಿಯಿಲ್ಲ ಎಂದರು ಅವರು.

ಸತ್ತ ಎರಡು ಹಂದಿಗಳ ಎಡಗಿವಿಯಲ್ಲಿ ಎರಡೆರಡು ಸೀಳು ಗುರುತುಗಳಿದ್ದವು. ಹಂದಿ ಸಾಕುವ ಪ್ರತಿ ಮನೆಗೂ ಇಂಥದೊಂದು ಗುರುತಿರುತ್ತದೆ; ಈ ಮನೆಯ ಉಳಿದ ಹಂದಿಗಳ ಗುರುತು ಬೇರೆಯಿತ್ತು.

"ಇವು ನಿಮ್ಮ ಮನಿವಲ್ಲ. ಎಲ್ಲಿಂದ ಬಂದಾವ?" ಎಂದು ವೈದ್ಯರು ಕೇಳಿದರು.

ಮನೆಯ ಯಜಮಾನಿ ಬಾಗಿಲಲ್ಲಿದ್ದ ತುಂಬು ಬಸುರಿ ಸೊಸೆಯ ಕಡೆ ಕೈ ತೋರಿಸಿದಳು. "ಇಕಿ ತವರಿನಿಂದ್ರಿ. ಮಂದಿ ಬಸರಿ ಮಗಳಿಗೆ ಕುಬಸ ಕಳಸ್ತಾರ, ಇಕಿ ಅವ್ವ ಬ್ಯಾನಿನೇ ಉಡಿ ತುಂಬಿ ಕಳಿಸ್ಯಾಳ."

ಸಿಂದಗಿಯ ಅಂಚಿನಲ್ಲಿದ್ದ ಆ ಸೊಸೆಯ ತಾಯಿಯ ಕೊಟ್ಟಿಗೆಗೆ ಹೋದೆವು. ತಳಿಗೆಂದು ಸಾಕಿದ ಹಂದಿಗಳಲ್ಲಿ ಬಹುಪಾಲು ಸತ್ತಿದ್ದವು.

"ಇಲ್ಲಿದ್ರ ಸಾಯ್ತಾವಂತ ಚಲೋ ಇದ್ದವನ್ನ ಮಗಳ ಮನಿಗೆ ಕಳಿಸಿದ್ನಿರಿ ಸಾಹೇಬ್ರ. ಬೀಜಾದ್ರೂ ಉಳೀಲಿ ಅಂತ" ಎಂದಳು ತಾಯಿ.

ರೋಗ ಕಂಡ ಕೂಡಲೇ ಗಟ್ಟಿಮುಟ್ಟಾದವನ್ನು ಬೀಗರ ಮನೆಗೆ ಅಟ್ಟುವುದು ಅವರಲ್ಲಿ ಹಳೆಯ ರೂಢಿ. ಚೆನ್ನಾಗಿ ಕಂಡ ಆ ಎರಡೇ ರೋಗವನ್ನು ಒಯ್ದಿದ್ದವು.

ವೈದ್ಯರು ಆ ಕೊಟ್ಟಿಗೆಯಲ್ಲಿ ಉಳಿದವನ್ನು ಕೊಲ್ಲಿಸಿ, ಸುಣ್ಣ ಸುರಿದು ಹೂಳಿಸಿದರು. ಯಂಕಂಚಿಯಲ್ಲಿ ಇನ್ನೂ ಆರೋಗ್ಯವಾಗಿದ್ದವಕ್ಕೆ ಲಸಿಕೆ ಹಾಕಿದರು.

"ಎರಡು ತಿಂಗಳು ಆ ಕಡೆ ಹೋಗಬ್ಯಾಡ ಯವ್ವಾ. ಅವರೂ ಇಲ್ಲಿ ಬರಬಾರದು. ಕಾಲಿನ ಮಣ್ಣಿನಾಗೂ ಬ್ಯಾನಿ ಹೋಗತೈತಿ" ಎಂದು ತಾಯಿಗೆ ಹೇಳಿದರು.

"ಚೊಚ್ಚಲ ಹೆರಿಗಿರಿ. ಮುಂದಿನ ವಾರ ಕರಕೊಂಡು ಬರಾಕಿದ್ನಿ."

"ಆಕಿ ಅತ್ತಿ ಅದಾಳಲ್ಲ?"

"ಅದಾಳ್ರಿ. ಅದಕ್ಕ ಹೇಳಾಕತ್ತೇನಿ."

ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ಹಂದಿಗಳ ಸಾಗಾಟಕ್ಕೆ ತಡೆ. ಆಮೇಲೆ ನಾನು ಆ ಕೊಟ್ಟಿಗೆಯ ದಾರಿಯಲ್ಲಿ ಹೋದಾಗಲೆಲ್ಲ ತಾಯಿ ನಿಲ್ಲಿಸಿ ಕೇಳುತ್ತಿದ್ದಳು. "ಪೇಪರ್ ಸಾಹೇಬ್ರ, ಯಂಕಂಚಿ ಸುದ್ದಿ ಏನರ ಐತೇನ್ರಿ?" ಹೊಸದಾಗಿ ಹಂದಿ ಸತ್ತಿಲ್ಲ ಎನ್ನುತ್ತಿದ್ದೆ. ಅವಳು ಕೇಳಿದ್ದು ಅದನ್ನಲ್ಲ ಎಂದು ಗೊತ್ತಿತ್ತು. ಒಂದು ದಿನ ಗಂಡು ಹುಟ್ಟಿದೆ, ಇಬ್ಬರೂ ಚೆನ್ನಾಗಿದ್ದಾರೆ ಎಂದು ಹೇಳಿದೆ. ನಕ್ಕಳು. ಬಳಿಕ, "ಎಣ್ಣಿ ನೀರು ಯಾರು ಹಾಕಾಕತ್ತಾರ್ರಿ?" ಎಂದಳು. ನಾನು ಅದನ್ನು ವಿಚಾರಿಸಿರಲಿಲ್ಲ.

ಗಡುವಿಗೆ ಕೆಲವೇ ದಿನ ಉಳಿದಿದ್ದಾಗ ವೈದ್ಯರೊಂದಿಗೆ ಮತ್ತೆ ಯಂಕಂಚಿಗೆ ಹೊರಟಿದ್ದೆ. ಊರ ಹೊರಗಿನ ಹಳ್ಳದ ಈ ದಡದಲ್ಲಿ ತಾಯಿ ನಿಂತಿದ್ದಳು. ಆ ದಡದಲ್ಲಿ ಮಗಳು, ಕೌದಿಯಲ್ಲಿ ಸುತ್ತಿದ ಕೂಸು. ವೈದ್ಯರು ಜೀಪು ನಿಲ್ಲಿಸಿದರು, ಇಳಿಯಲಿಲ್ಲ.

"ಕೂಸಿನ ಮಾರಿ ಈ ಕಡೆ ತಿರುಗಸವಾ. ಯಾರ್ಹಂಗ ಅದಾನ?"

"ಮೂಗು ನಿನ್ನಂಗ ಐತಿ ಯವ್ವಾ!"

"ಇಲ್ಲಿಂದ ಮೂಗೆಲ್ಲಿ ಕಾಣಬೇಕ, ಹುಚ್ಚಿ!"

ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರು. ನಾಲ್ಕು ಹೆಜ್ಜೆಯಲ್ಲಿ ದಾಟಬಹುದಿತ್ತು. ಅವಳು ಒಂದು ಕಾಲನ್ನು ನೀರಿಗಿಟ್ಟಳು. ನಮ್ಮ ಜೀಪಿನ ಕಡೆ ನೋಡಲಿಲ್ಲ. ಮಗಳ ಹಿಂದೆ ಹೊಲದಂಚಿನಲ್ಲಿ ಕೆದರುತ್ತಿದ್ದ ಆ ಮನೆಯ ಹಂದಿಗಳನ್ನು ನೋಡಿದಳು. ಕಾಲು ಹಿಂದೆಗೆದುಕೊಂಡಳು.

"ಬಿಸಲಾಗ ನಿಲ್ಲಸಬ್ಯಾಡ ಕೂಸಿನ್ನ. ನಡಿ ಮನಿಗೆ" ಎಂದು ಗದರಿಸಿದಳು.